ಬೀದಿಗೆ ಕೇಳುವಂತೆ ಕೂಗಿದ ಅಳತೆ

ನಾನು ಚಿಕ್ಕವನಿದ್ದಾಗ ನನ್ನ ಅಂಗಿಗಳೆಲ್ಲ ನನಗಿಂತ ಒಂದು ವರ್ಷ ಹಿಂದೆ ಇರುತ್ತಿದ್ದವು. ಹೊಸ ಅಂಗಿ ತೊಟ್ಟ ದಿನವೇ ಕಂಕುಳು ಬಿಗಿಯುತ್ತಿತ್ತು. ಗುಂಡಿ ಹಾಕಿದರೆ ಹೊಟ್ಟೆಯ ಹತ್ತಿರ ಬಟ್ಟೆ ಬಾಯಿ ಬಿಡುತ್ತಿತ್ತು. ಶಾಲೆಯಲ್ಲಿ ಮಾಸ್ತರರು ನನ್ನನ್ನು ನಿಲ್ಲಿಸಿ, "ನಿಮ್ಮ ಕೇರಿಯವರಿಗೆ ಅಂಗಿ ಹೊಲಸಾಕೂ ಬರೂದಿಲ್ಲ ನೋಡು" ಎಂದು ನಗುತ್ತಿದ್ದರು. ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮಳೆ ಬಂತು, ಗಂಟೆ ಹೊಡೆಯಿತು ಎನ್ನುವ ಹಾಗೆ ಹೇಳುತ್ತಿದ್ದರು. ಬಹಳ ದಿನ ನಾನೂ ಅದನ್ನು ನಿಜವೆಂದೇ ತಿಳಿದಿದ್ದೆ.

ನಮ್ಮ ಊರು ಬನವಾಸಿಯಿಂದ ಮೂಡಣ ದಿಕ್ಕಿಗೆ, ಕಾಡು ಮುಗಿದು ಭತ್ತದ ಬಯಲು ಶುರುವಾಗುವ ಕಡೆಗಿತ್ತು. ಊರಿಗೆ ಒಂದೇ ಪೇಟೆಬೀದಿ, ಆ ಬೀದಿಗೆ ಒಬ್ಬನೇ ಟೇಲರ್. ಊರಿನ ಎಲ್ಲರ ಬಟ್ಟೆಯನ್ನೂ ಅವನೇ ಹೊಲಿಯುತ್ತಿದ್ದ. ಕೆಲವರು ಅವನ ಅಂಗಡಿಯ ಕಟ್ಟೆ ಹತ್ತಿ, ಒಳಗೆ ಹೋಗಿ, ಕೈ ಚಾಚಿ ನಿಲ್ಲುತ್ತಿದ್ದರು. ಅವನು ಕುತ್ತಿಗೆಯಲ್ಲಿ ನೇತುಬಿಟ್ಟಿದ್ದ ಟೇಪು ತೆಗೆದು ಅವರ ಭುಜ, ತೋಳು, ಬೆನ್ನು ಅಳೆಯುತ್ತಿದ್ದ. ನಾವು ಕಟ್ಟೆ ಹತ್ತುವಂತಿರಲಿಲ್ಲ. ಬೀದಿಯಲ್ಲೇ ನಿಂತು, ಕಟ್ಟೆಯ ಬುಡದಲ್ಲಿದ್ದ ಹಾಸುಗಲ್ಲಿನ ಮೇಲೆ ಹೊಸ ಬಟ್ಟೆಯನ್ನೂ ಜೊತೆಗೊಂದು ಹಳೆಯ ಅಂಗಿಯನ್ನೂ ಇಡುತ್ತಿದ್ದೆವು. ಆ ಹಳೆಯ ಅಂಗಿಯೇ ಅವನ ಪಾಲಿಗೆ ನಮ್ಮ ಮೈ. ಅದು ಇದ್ದಷ್ಟೇ ದೊಡ್ಡದಾಗಿ ಅವನು ಹೊಸದನ್ನು ಕತ್ತರಿಸುತ್ತಿದ್ದ. ಅಷ್ಟರಲ್ಲಿ ನಾನು ಬೆಳೆದಿರುತ್ತಿದ್ದೆ. "ಎರಡು ಬೆರಳು ಹೆಚ್ಚಿಗಿ ಬಿಡ್ರಿ" ಎಂದು ಅಪ್ಪ ಬೀದಿಯಿಂದ ಹೇಳುತ್ತಿದ್ದ. ನೆನಪಾದರೆ ಟೇಲರ್ ಬಿಡುತ್ತಿದ್ದ.

ಯಾಕೆ ಹೀಗೆ ಎಂದು ನೀವು ಕೇಳುತ್ತೀರಿ. ನಮ್ಮನ್ನು ಮುಟ್ಟಬಾರದೆಂದು ಊರು ಯಾವಾಗಲೋ ತೀರ್ಮಾನಿಸಿತ್ತು. ನಾವು ಏನೂ ಮಾಡಿರಲಿಲ್ಲ. ಆ ಕೇರಿಯಲ್ಲಿ ಹುಟ್ಟಿದ್ದೆವು, ಅಷ್ಟೆ. ಇದಕ್ಕಿಂತ ಹೆಚ್ಚಿನ ಕಾರಣ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಸಿಕ್ಕಿದ್ದರೆ ಹೇಳುತ್ತಿದ್ದೆ.

ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ಅವನೂ ಅಳತೆಯ ಕೆಲಸದವನೇ. ನಮ್ಮ ಮನೆಯ ಮುಂದೆ ಒಂದು ಹಲಗೆಯ ಮೇಲೆ ಜರಡಿ ಹಿಡಿದ ಬೂದಿ ಹರಡಿರುತ್ತಿತ್ತು. ಊರಿನವರು ಬಂದು ಅದರ ಮೇಲೆ ಕಾಲಿಟ್ಟು, ಎತ್ತಿ, ದೂರ ನಿಲ್ಲುತ್ತಿದ್ದರು. ಅವರು ಸರಿದ ಮೇಲೆ ಅಪ್ಪ ಕುಕ್ಕರುಗಾಲಲ್ಲಿ ಕೂತು, ಹುಲ್ಲುಕಡ್ಡಿಯಿಂದ ಆ ಗುರುತನ್ನು ಅಳೆಯುತ್ತಿದ್ದ. ಟೇಲರನ ಚಪ್ಪಲಿಯೂ ಹಾಗೆಯೇ ಆದದ್ದು. ಅದು ಅವನ ಕಾಲಿಗೆ ಸರಿಯಾಗಿ ಕೂತಿತ್ತು. ಕಾಲು ಬೂದಿಯಲ್ಲಿ ತನ್ನ ಗುರುತು ಬಿಟ್ಟುಹೋಗುತ್ತದೆ. ಭುಜ, ಬೆನ್ನುಗಳು ಬಿಡುವುದಿಲ್ಲ.

ನಾನು ಹೇಳಬೇಕೆಂದಿರುವುದು ನನ್ನ ಅಂಗಿಯ ವಿಷಯವನ್ನಲ್ಲ, ಅಕ್ಕನ ಜಂಪರದ ವಿಷಯವನ್ನು. ನೀವು ಬ್ಲೌಸ್ ಎನ್ನುವುದನ್ನು ನಮ್ಮ ಕಡೆ ಜಂಪರ ಎನ್ನುತ್ತಿದ್ದರು.

ಅಕ್ಕ ನನಗಿಂತ ಬಹಳ ದೊಡ್ಡವಳು. ನಮ್ಮ ಕೇರಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ. ಶಿರಸಿಯ ಒಂದು ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಅವಳಿಗೆ ಜಾಗ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಬಿಳಿ ಸೀರೆ, ಮೊಣಕೈವರೆಗೆ ತೋಳಿರುವ ಬಿಳಿ ಜಂಪರ ತೊಟ್ಟು ಬರಬೇಕು, ಬಟ್ಟೆ ನೆಟ್ಟಗಿಲ್ಲದವರನ್ನು ಒಳಗೆ ಸೇರಿಸುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಅಪ್ಪ ಬಿಳಿ ಪಾಪ್ಲಿನ್ ತಂದ. ಹೊಸ ಬಟ್ಟೆಯ ಗಂಜಿಯ ವಾಸನೆ ಮನೆಯಲ್ಲೆಲ್ಲ ಹರಡಿತು. ಅವ್ವ ಅದನ್ನು ಮುಟ್ಟಲು ಹೆದರಿ, ಕೈಯನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಂಡದ್ದು ನನಗೆ ನೆನಪಿದೆ.

ಒಂದು ಬೆಳಿಗ್ಗೆ ಅಪ್ಪ, ಅಕ್ಕ, ನಾನು ಟೇಲರನ ಅಂಗಡಿಗೆ ಹೋದೆವು. ಅವನು ಇಸ್ತ್ರಿಪೆಟ್ಟಿಗೆಗೆ ಆಗಷ್ಟೇ ಕೆಂಡ ತುಂಬಿದ್ದ. ಸುಟ್ಟ ಇದ್ದಿಲಿನ, ಮಿಶನ್ ಎಣ್ಣೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಒಳಗೆ ಬೆಂಚಿನ ಮೇಲೆ ಗೌಡರ ಮನೆಯ ಅಮ್ಮ ಕೂತಿದ್ದರು. ಎದುರಿನ ಚಹಾದಂಗಡಿಯ ಮುಂದೆ ನಾಲ್ಕಾರು ಗಂಡಸರು ನಿಂತಿದ್ದರು.

"ಏನೋ, ಮಗಳನ್ನ ಶಿರಸಿಗೆ ಕಳಸ್ತೀಯಂತಲ್ಲ" ಎಂದ ಟೇಲರ್. ಅವನು ಅಪ್ಪನಿಗಿಂತ ಹತ್ತು ವರ್ಷವಾದರೂ ಚಿಕ್ಕವನು. ಆದರೂ ಅಪ್ಪ ಅವನಿಗೆ 'ನೀವು', ಅವನು ಅಪ್ಪನಿಗೆ 'ನೀನು'. ಅದು ಆಗ ಯಾರ ಕಿವಿಗೂ ತಾಗುತ್ತಿರಲಿಲ್ಲ.

"ಹೌದ್ರಿ. ಸೋಮಾರ ಹೋಗ್ಬೇಕ್ರಿ. ಬಿಳಿ ಜಂಪರ ಬೇಕಂತ್ರಿ."

"ಅಳತಿ ಜಂಪರ ಕಲ್ಲಿನ ಮ್ಯಾಲ ಇಟ್ಟು ಹೋಗು."

ಅಪ್ಪ ಇಟ್ಟ. ಟೇಲರ್ ಮರದ ಸ್ಕೇಲಿನ ತುದಿಯಿಂದ ಅದನ್ನು ಎತ್ತಿ, ತಿರುಗಿಸಿ ನೋಡಿದ.

"ಇದು ಸಣ್ಣ ಹುಡುಗಿದೈತಲ್ಲೋ."

"ನಾ ಏಳನೇತ್ತಾ ಸಾಲ್ಯಾಗ ಇದ್ದಾಗಿನದ್ರಿ," ಎಂದಳು ಅಕ್ಕ. "ಅದರ ಮ್ಯಾಲ ನನಗ ಜಂಪರ ಹೊಲಸಿಲ್ರಿ. ಅವ್ವನ ಹಳೇ ಕುಪ್ಪಸ ಹಾಕ್ಕೊಂತೀನಿ. ಅದು ಕಟ್ಟೂದು, ಅದಕ್ಕ ಅಳತಿ ಇರೂದಿಲ್ಲ."

"ಮತ್ತ ನಾ ಯಾವ ಅಳತಿಗೆ ಹೊಲೀಲಿ?"

ಅಕ್ಕ ಅವನ ಕುತ್ತಿಗೆಯಲ್ಲಿದ್ದ ಟೇಪನ್ನು ನೋಡಿದಳು. ಆಮೇಲೆ, "ಟೇಪು ಹಿಡದು ತಗೋರಿ" ಎಂದಳು.

ಜೋರಾಗಿ ಹೇಳಲಿಲ್ಲ. ಆದರೂ ಸ್ಕೇಲು ತಿರುಗಿಸುತ್ತಿದ್ದ ಟೇಲರನ ಕೈ ನಿಂತಿತು. ಅಪ್ಪ ಅವಳ ಕಡೆಗೆ ತಿರುಗಿದ. ಬೆಂಚಿನ ಮೇಲಿದ್ದ ಅಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ನಕ್ಕರು.

"ಕೇಳಿದೇನೋ ಟೇಲರ್, ನಿನ್ನ ಟೇಪಿಗೂ ಕಾಲ ಬಂತು. ನರ್ಸ್ ಆಗಾಕ ಹೊಂಟಾಳಂತ. ನಾಳೆ ನಮಗ ಸೂಜಿ ಚುಚ್ಚಾಕ ಇಕೀನ ಬರ್ತಾಳೋ ಏನೋ."

"ಬಂದ್ರ ಹಗೂರಕ ಚುಚ್ಚತೀನ್ರಿ ಅಮ್ಮಾರ" ಎಂದಳು ಅಕ್ಕ.

ಚಹಾದಂಗಡಿಯವರು ನಕ್ಕರು. ಅಮ್ಮನಿಗೂ ನಗು ಬಂತು. ಅದನ್ನು ತಡೆದುಕೊಂಡು, "ಬಾಯಿ ಭಾಳ ಐತಿ" ಎಂದರು. ಟೇಲರ್ ಮಾತ್ರ ನಗಲಿಲ್ಲ. ಅವನು ಕಟ್ಟೆಯ ಅಂಚಿಗೆ ಬಂದು ಕೂತು, ದನಿ ತಗ್ಗಿಸಿ ಹೇಳಿದ.

"ಮುಟ್ಟಿ ತಗೊಳ್ಳೂದು ನನ್ನ ಕಡಿಂದ ಆಗೂದಿಲ್ಲ ತಂಗಿ. ನಾಳಿಂದ ಇವರು ಯಾರೂ ನನ್ನ ಕಟ್ಟಿ ಹತ್ತೂದಿಲ್ಲ. ನೀ ಓದಾಕಿ, ಅಂಕಿ ಬಲ್ಲಿ. ನೀನ ಅಳದು ಹೇಳು, ನಾ ಬರಕೊಂತೀನಿ."

ಅವನನ್ನು ಕೆಟ್ಟವನೆಂದು ಹೇಳಿಬಿಟ್ಟರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಅವನು ಅವಳನ್ನು ತಂಗಿ ಎಂದ. ತಾನು ಕಂಡುಕೊಂಡ ದಾರಿ ಒಳ್ಳೆಯದೆಂದೇ ಅವನು ತಿಳಿದಿದ್ದ ಎಂದು ಈಗಲೂ ನನಗೆ ಅನ್ನಿಸುತ್ತದೆ. ಕುತ್ತಿಗೆಯಿಂದ ಟೇಪು ತೆಗೆದು ಹಾಸುಗಲ್ಲಿನ ಮೇಲೆ ಎಸೆದ. ಅದು ಬಿಸಿಲಲ್ಲಿ ಸುರುಳಿ ಬಿಚ್ಚಿಕೊಂಡು ಬಿತ್ತು. ನಾನು ಟೇಪನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಳದಿ ಬಣ್ಣದ್ದು, ತುದಿಗೆ ಹಿತ್ತಾಳೆಯ ಪಟ್ಟಿ.

ಅವನು ಒಳಗೆ ಹೋಗಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಮಿಶನ್ನಿನ ಮುಂದೆ ಕೂತ. ಅಲ್ಲಿಂದ ಬೀದಿಗೆ ದೂರವಿತ್ತು. ಹಾಗಾಗಿ ಅವನು ಕೂಗಬೇಕಾಯಿತು.

"ಭುಜ ಹೇಳು."

ಅಕ್ಕ ಬೀದಿಯ ನಡುವೆ ನಿಂತು, ಒಂದು ಕೈಯಲ್ಲಿ ಟೇಪಿನ ತುದಿ ಹಿಡಿದು, ಕುತ್ತಿಗೆ ಓರೆ ಮಾಡಿ ಅಂಕಿ ನೋಡಿ ಹೇಳಿದಳು.

"ಕೇಳವಲ್ದು. ಜೋರಾಗಿ ಹೇಳು."

ಅವಳು ಜೋರಾಗಿ ಹೇಳಿದಳು. ಚಹಾದಂಗಡಿಯ ಗಂಡಸರಲ್ಲೊಬ್ಬ ಆ ಅಂಕಿಯನ್ನು ಮತ್ತೆ ಹೇಳಿದ. ಉಳಿದವರು ಅವನ ಮುಖ ನೋಡಿ ನಕ್ಕರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಒಂದು ಕಾಲು ನೆಲಕ್ಕೂರಿ ನಿಂತ.

"ತೋಳಿನ ಉದ್ದ."

ಅಕ್ಕ ಕೂಗಿ ಹೇಳಿದಳು.

"ಎದಿ ಸುತ್ತ ಎಷ್ಟು?"

"ಟೇಲರ್, ನಾನೂ ಬರಕೊಳ್ಳಲೇನ?" ಎಂದ ಆ ಗಂಡಸರಲ್ಲೊಬ್ಬ.

ಅಪ್ಪ ಅವರ ಕಡೆ ನೋಡಲಿಲ್ಲ. ಟೇಲರನ ಕಡೆಗೂ ನೋಡಲಿಲ್ಲ. ಅವನು ಅಕ್ಕನಿಗೂ ಚಹಾದಂಗಡಿಗೂ ನಡುವೆ ಬಂದು, ಅವಳಿಗೆ ಬೆನ್ನು ಕೊಟ್ಟು ನಿಂತ. ಅಪ್ಪ ಎತ್ತರದ ಮನುಷ್ಯನಲ್ಲ. ಅವನು ಅಡ್ಡ ನಿಂತದ್ದರಿಂದ ಏನೂ ಮರೆಯಾಗಲಿಲ್ಲ. ಮರೆಯಾದರೂ ದನಿ ಕೇಳುತ್ತಲೇ ಇತ್ತು.

ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಅಕ್ಕ ಟೇಪನ್ನು ಮೈಗೆ ಸುತ್ತಲಿಲ್ಲ. ಸೆರಗಿನ ಮೇಲೆ ಅರ್ಧಕ್ಕೆ ಹಿಡಿದಳು, ಕೈ ಕೆಳಗೆ ಬಿಟ್ಟಳು, ತಲೆ ಎತ್ತಿ ಒಂದು ಅಂಕಿ ಕೂಗಿದಳು. ಆಮೇಲೆ ಕಂಕುಳ ಸುತ್ತಳತೆ ಕೇಳಿದಾಗ ಟೇಪನ್ನು ಎತ್ತಲೇ ಇಲ್ಲ. ಇನ್ನೊಂದು ಅಂಕಿ ಕೂಗಿದಳು. ಅವಳು ಕೂಗಿದ ಅಂಕಿಗಳೆಲ್ಲ ನನಗೆ ಈಗಲೂ ನೆನಪಿವೆ. ಅವು ಅಕ್ಕನವು. ಇಲ್ಲಿ ಬರೆಯುವುದಿಲ್ಲ.

"ಟೇಪು ಕಲ್ಲಿನ ಮ್ಯಾಲ ಇಡು" ಎಂದ ಟೇಲರ್. ನಾವು ನಾಲ್ಕು ಹೆಜ್ಜೆ ಹೋದ ಮೇಲೆ ನಾನು ತಿರುಗಿ ನೋಡಿದೆ. ಅವನು ಸ್ಕೇಲಿನಿಂದ ಟೇಪನ್ನು ಎತ್ತಿ, ನೀರಿನ ತಂಬಿಗೆಯಲ್ಲಿ ಅದ್ದಿ, ಮೊಳೆಗೆ ನೇತುಹಾಕುತ್ತಿದ್ದ. ಬೆಂಚಿನ ಮೇಲಿದ್ದ ಅಮ್ಮ ಅದು ಒಣಗುವುದನ್ನೇ ಕಾಯುತ್ತಿದ್ದರು.

ಜಂಪರ ಕೈಗೆ ಬಂದದ್ದು ಭಾನುವಾರ ಸಂಜೆ. ಅಕ್ಕ ತೊಟ್ಟು ಹೊರಗೆ ಬಂದಳು. ನೋಡಲು ಚೆನ್ನಾಗಿತ್ತು. ಅವ್ವ ದೃಷ್ಟಿ ತೆಗೆದಳು. "ಕೈ ಎತ್ತು ನೋಡೋಣ" ಎಂದ ಅಪ್ಪ. ಅಕ್ಕ ಮೊಣಕೈ ಮಡಿಸಿ ಮುಂಗೈಯನ್ನಷ್ಟೇ ಎತ್ತಿ, "ಆತಲ್ಲ, ಬರೋಬ್ಬರಿ ಐತಿ" ಎಂದಳು. ಅದಕ್ಕಿಂತ ಮೇಲೆ ಎತ್ತಲಿಲ್ಲ. ಅಪ್ಪ ಇನ್ನೊಮ್ಮೆ ಕೇಳಲಿಲ್ಲ. ಅಂಗಡಿ ಬಾಗಿಲು ಹಾಕಿಯಾಗಿತ್ತು, ಬೆಳಗಾದರೆ ಬಸ್ಸು.

ಬಸ್ಸಿನಲ್ಲಿ ಅಕ್ಕ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೇಲಿನ ಸರಳಿಗೆ ಏರಿಸೋಣವೆಂದರೆ ಬೇಡ ಎಂದಳು. ಬನವಾಸಿ ದಾಟಿದ ಮೇಲೆ ಗಾಳಿ ತಣ್ಣಗಾಯಿತು. ನನಗೆ ಅದು ಮೊದಲ ಶಿರಸಿ ಪ್ರಯಾಣ. ದಾರಿಯುದ್ದಕ್ಕೂ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ಅಕ್ಕ ಹೊರಗೆ ನೋಡಿದ್ದು ನನಗೆ ನೆನಪಿಲ್ಲ.

ದವಾಖಾನೆಯಲ್ಲಿ ಉದ್ದನೆಯ ವಾರ್ಡು, ಎರಡು ಸಾಲು ಮಂಚ. ಫಿನಾಯಿಲಿನ ವಾಸನೆಗೆ ನನ್ನ ಕಣ್ಣು ಉರಿಯಿತು. ಹೊಸ ಹುಡುಗಿಯರು ಐದಾರು ಜನ ಗೋಡೆಗೆ ಒತ್ತಿ ನಿಂತಿದ್ದರು. ಅಪ್ಪ ಮತ್ತು ನಾನು ಟ್ರಂಕಿನ ಜೊತೆ ವರಾಂಡದಲ್ಲಿ, ಬಾಗಿಲಿಗೆ ಎದುರಾಗಿ ನಿಂತೆವು. ತರಬೇತಿ ನೋಡಿಕೊಳ್ಳುವ ಹಿರಿಯ ಸಿಸ್ಟರ್ ಬಂದರು. ತೆಳ್ಳಗಿನ, ವಯಸ್ಸಾದ ಹೆಂಗಸು. ರಾತ್ರಿಯೆಲ್ಲ ಕೆಲಸ ಮಾಡಿದ್ದರೋ ಏನೋ, ಕಣ್ಣು ಕೆಂಪಾಗಿತ್ತು.

ಮೊದಲ ಕೆಲಸ ಸೊಳ್ಳೆಪರದೆ. ಬೆಳಿಗ್ಗೆ ಅವನ್ನು ಮಂಚದ ಮೇಲಿನ ಕೋಲಿಗೆ ಸುತ್ತಿ ಏರಿಸಬೇಕು. ಸಿಸ್ಟರ್ ಒಂದನ್ನು ಮಾಡಿ ತೋರಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ಕೈ ಎತ್ತಿ ಪರದೆ ಎಸೆದರು. ಅಕ್ಕನ ಕೈ ಭುಜದ ಮಟ್ಟಕ್ಕೆ ಹೋಗಿ ನಿಂತಿತು. ಅವಳು ತುದಿಗಾಲಲ್ಲಿ ನಿಂತಳು. ಮಂಚದ ಚೌಕಟ್ಟಿಗೆ ಒಂದು ಕಾಲು ಕೊಟ್ಟು ಏರಿದಳು. ಕೈ ಮೇಲೇರಲಿಲ್ಲ. ಕೊನೆಗೆ ಜೋರು ಮಾಡಿದಾಗ ಕಂಕುಳ ಹೊಲಿಗೆ ಬಿಟ್ಟಿತು. ಆ ಸದ್ದು ವರಾಂಡದವರೆಗೆ ಬಂತು.

"ಎಂತ ಹುಡುಗಿ, ಕೈ ಎತ್ತಲಿಕ್ಕೆ ಬರೂದಿಲ್ವ ನಿನಗೆ?" ಎಂದರು ಸಿಸ್ಟರ್. ಹತ್ತಿರ ಬಂದು ಜಂಪರ ನೋಡಿದರು. "ಇದು ಯಾರದ್ದು ಹಾಕ್ಕಂಡು ಬಂದಿದ್ದೀ?"

"ನಂದ್ರಿ."

"ನಿಂದಾದ್ರೆ ನಿನ್ನ ಮೈಗೆ ಆಗ್ತಿತ್ತು. ನಿಮ್ಮ ಕಡೆಯವರಿಗೆ ಬಟ್ಟೆ ಹಾಕ್ಕಳೂದರಿಂದ ಹೇಳಿಕೊಡಬೇಕು. ಇಂಥವರನ್ನು ಕಳಿಸ್ತಾರೆ, ಆಮೇಲೆ ನಮ್ಮ ತಲೆಗೆ ಬರ್ತದೆ. ನಿನ್ನ ಜಾಗಕ್ಕೆ ಇನ್ನೊಬ್ಬಳು ಹೊರಗೆ ಕಾಯ್ತಾ ಇದ್ದಾಳೆ, ಗೊತ್ತುಂಟಾ?"

ಮಾಸ್ತರರು ಹೇಳುತ್ತಿದ್ದ ಮಾತು ಅದೇ. ಊರು ಬೇರೆ, ಕನ್ನಡ ಬೇರೆ, ಮಾತು ಅದೇ. ಆ ಗಳಿಗೆಯಲ್ಲಿ ನನಗೆ ಮೊದಲ ಸಲ ಇಡೀ ಸಂಗತಿ ಕಣ್ಣಿಗೆ ಕಟ್ಟಿತು. ನಮ್ಮನ್ನು ಮುಟ್ಟುವುದಿಲ್ಲ, ಮುಟ್ಟದೆ ಹೊಲಿದ ಬಟ್ಟೆ ಮೈಗೆ ಕೂರುವುದಿಲ್ಲ, ಕೂರದ ಬಟ್ಟೆ ನೋಡಿ ನಮಗೆ ಏನೂ ಬರುವುದಿಲ್ಲ ಎನ್ನುತ್ತಾರೆ. ಎಂಟು ವರ್ಷದ ಹುಡುಗನಿಗೆ ಅದನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ.

ಅಪ್ಪ ಬಗ್ಗಿ ಟ್ರಂಕಿನ ಹಿಡಿ ಹಿಡಿದುಕೊಂಡ. ಅವಳನ್ನು ಕರೆದುಕೊಂಡು ಹೋಗಲು ಅವನು ಆಗಲೇ ತಯಾರಾಗಿದ್ದ.

ಅಕ್ಕ ಹರಿದ ಕಡೆ ಕೈ ಮುಚ್ಚಿಕೊಂಡಿದ್ದಳು. ಆ ಕೈ ತೆಗೆದಳು. "ಸಿಸ್ಟರ್, ನಮ್ಮೂರಿನ ಟೇಲರ್ ನನ್ನ ಮುಟ್ಟೂದಿಲ್ರಿ" ಎಂದಳು. "ಟೇಪು ನೆಲಕ್ಕ ಒಗದ. ನಾನ ಬೀದ್ಯಾಗ ನಿಂತು ಅಳದು ಕೂಗಿ ಹೇಳೀನ್ರಿ. ಗಂಡಸರು ನಿಂತು ಕೇಳಾಕ ಹತ್ತಿದ್ರು. ಅದಕ್ಕ ಎರಡು ಅಳತಿ ಕಡಿಮಿ ಮಾಡಿ ಸುಳ್ಳ ಹೇಳೀನಿ. ಜಂಪರ ಹಿಂಗಾಗಿದ್ದು ಅದರಿಂದ್ರಿ. ಕೈ ಎತ್ತಾಕ ನನಗ ಬರತೈತ್ರಿ."

ಗೋಡೆಯ ಹತ್ತಿರ ಯಾರೋ ಕಿಸಕ್ಕೆಂದರು. ಸಿಸ್ಟರ್ ಆ ಕಡೆ ನೋಡಿದ ಮೇಲೆ ನಗು ನಿಂತಿತು. ಮಂಚದ ಮೇಲಿನ ಒಬ್ಬ ರೋಗಿ ಆಚೆಗೆ ಹೊರಳಿದ. ಸಿಸ್ಟರ್ ಬಿಟ್ಟ ಹೊಲಿಗೆಯನ್ನು ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿ ಮರುಕವಿತ್ತೋ ಬೇಸರವಿತ್ತೋ, ನಾನು ಎಷ್ಟು ಸಲ ನೆನಪಿಸಿಕೊಂಡರೂ ತಿಳಿಯುವುದಿಲ್ಲ.

"ಅದನ್ನೆಲ್ಲ ಇಲ್ಲಿ ಹೇಳಲಿಕ್ಕೆ ಹೋಗಬೇಡ," ಎಂದರು ಕೊನೆಗೆ. "ಮಧ್ಯಾಹ್ನದೊಳಗೆ ಸರಿ ಮಾಡಿಕೊಂಡು ಬಾ. ಆಗದಿದ್ರೆ ಇವತ್ತಿನ ಬಸ್ಸಿಗೇ ವಾಪಸು ಹೋಗು."

ದವಾಖಾನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ನೇರಳೆ ಮರವಿತ್ತು. ಅಕ್ಕ ಅವ್ವನ ಕುಪ್ಪಸ ತೊಟ್ಟುಕೊಂಡು ಬಂದು, ಬಿಳಿ ಜಂಪರವನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅದನ್ನು ಹಿಡಿದುಕೊಂಡು ಕೂತ. "ಪ್ಯಾಟ್ಯಾಗ ಯಾರಾದ್ರೂ ಟೇಲರ್ ಇದ್ದಾನು" ಎಂದ.

"ಅವನೂ ಯಾವ ಕೇರಿ ಅಂತ ಕೇಳ್ತಾನ" ಎಂದಳು ಅಕ್ಕ. "ನೀನ ಹೊಲಿ ಅಪ್ಪಾ."

"ನಾ ತೊಗಲು ಹೊಲಿಯಾವ."

"ಅದ ಕೈ ಅಲ್ಲೇನು."

ಅಪ್ಪನ ಚೀಲದಲ್ಲಿ ಯಾವಾಗಲೂ ಸೂಜಿ, ದಾರ, ಚೂರಿ ಇರುತ್ತಿದ್ದವು. ಅವನ ದಾರ ದಪ್ಪ. ಮೇಣ ಉಜ್ಜಿ ಹೊಸೆದದ್ದು. ಕಲ್ಲಿನ ಮೇಲಿನ ನೀರಿನಲ್ಲಿ ಕೈ ತೊಳೆದ, ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆದರಿ ಮತ್ತೆ ತೊಳೆದ. ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದ. ಸೀರೆಯ ಒಳಗೆ ಸಿಕ್ಕಿಸುವ ತುದಿಯಿಂದ ಅಕ್ಕ ಅಂಗೈಯಗಲದ ತುಂಡು ಕತ್ತರಿಸಿ ಕೊಟ್ಟಳು. ಕಂಕುಳಿಗೆ ಅದನ್ನು ಕೂಡಿಸಬೇಕಿತ್ತು. ಎಷ್ಟು ಎಂದು ತಿಳಿಯಬೇಕಲ್ಲ.

ಅಪ್ಪ ಎದ್ದು ನಿಂತ. ಅಕ್ಕನ ಮಣಿಕಟ್ಟು ಹಿಡಿದು ಅವಳ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿದ. ಭುಜದ ಸುತ್ತ ದಾರ ತಂದು ಗಂಟು ಹಾಕಿದ. ಕೈ ಇಳಿಸಿ, ಮತ್ತೆ ಎತ್ತಿಸಿ, ದಾರ ಎಲ್ಲಿ ಬಿಗಿಯುತ್ತದೆಂದು ಬೆರಳಿನಿಂದ ನೋಡಿದ. ಜೀವಮಾನವಿಡೀ ಬೂದಿಯ ಮೇಲಿನ ಗುರುತನ್ನಷ್ಟೇ ಅಳೆದವನು ಅವನು. ಅಳತೆ ತೆಗೆಯುವುದಕ್ಕೆ ಅವನು ಒಬ್ಬರನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಅಕ್ಕ ನೇರಳೆ ಮರದ ಕಡೆ ನೋಡುತ್ತಿದ್ದಳು. ಅವಳು ಅತ್ತದ್ದು ಆಗ. ಬೀದಿಯಲ್ಲೂ ವಾರ್ಡಿನಲ್ಲೂ ಅತ್ತಿರಲಿಲ್ಲ. "ಅಲುಗಾಡಬ್ಯಾಡ," ಎಂದ ಅಪ್ಪ, "ದಾರ ಜಾರತೈತಿ."

ಹೊಲಿಗೆ ಒರಟಾಗಿತ್ತು. ಬಿಳಿ ಪಾಪ್ಲಿನ್ ಮೇಲೆ ಕಂದು ಮೇಣದ ದಾರ, ಚಪ್ಪಲಿಯ ಅಂಚಿನ ಹಾಗೆ ಎದ್ದು ಕಾಣುತ್ತಿತ್ತು. ಅಕ್ಕ ಅದನ್ನು ತೊಟ್ಟು ವಾರ್ಡಿಗೆ ಹೋದಳು. ಸಿಸ್ಟರ್ ಹೊಲಿಗೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದರು. ಅಕ್ಕನ ಪಾಲಿಗೆ ಹಾಗೇ ಬಿಟ್ಟಿದ್ದ ಮಂಚಗಳ ಕಡೆ ಕೈ ತೋರಿಸಿದರು. ಅಕ್ಕ ಕೈ ಎತ್ತಿದಳು. ಪರದೆ ಕೋಲಿನ ಮೇಲೆ ಹೋಗಿ ಬಿತ್ತು. ಆಮೇಲೆ ಮುಂದಿನ ಮಂಚ, ಅದರ ಮುಂದಿನ ಮಂಚ. ಸಾಲು ಮುಗಿಯುವವರೆಗೆ ಅಪ್ಪ ಅಲ್ಲಿಂದ ಕದಲಲಿಲ್ಲ.

ಅಕ್ಕ ಉಳಿದುಕೊಂಡಳು. ಸಿದ್ದಾಪುರ, ಯಲ್ಲಾಪುರದ ಕಡೆಯೆಲ್ಲ ದುಡಿದು, ತಲೆ ನರೆತ ಮೇಲೆ ಕೆಲಸ ಬಿಟ್ಟಳು. ಇಲ್ಲಿಗೆ ಕತೆ ಸುಖವಾಗಿ ಮುಗಿಯಿತು ಎಂದು ನಿಮಗೆ ಅನ್ನಿಸಬಹುದು. ನನಗೆ ಹಾಗೆ ಹೇಳಲು ಆಗುವುದಿಲ್ಲ. ಮುಂದಿನ ವರ್ಷ ಅಪ್ಪ ನನ್ನ ಹಳೆಯ ಅಂಗಿಯನ್ನು ತೆಗೆದುಕೊಂಡು ಹೋಗಿ ಅದೇ ಹಾಸುಗಲ್ಲಿನ ಮೇಲೆ ಇಟ್ಟ. ಊರಿಗೆ ಬೇರೆ ಟೇಲರ್ ಇರಲಿಲ್ಲ. ಅಕ್ಕ ಸೂಜಿ ಹಿಡಿದು ಮಂಚದ ಹತ್ತಿರ ಹೋದಾಗ, "ಬೇರೆ ಸಿಸ್ಟರ್ ಇಲ್ಲವೇ?" ಎಂದು ಮೆತ್ತಗೆ ಕೇಳುವವರು ಕೊನೆಯವರೆಗೂ ಇದ್ದರು. ಅವಳು ಕಾರಣ ಕೇಳುತ್ತಿರಲಿಲ್ಲವಂತೆ. ಇನ್ನೊಬ್ಬರನ್ನು ಕರೆದು, ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಒಮ್ಮೆ ನಾನು, "ಬ್ಯಾಸರ ಆಗೂದಿಲ್ಲೇನಕ್ಕಾ?" ಎಂದೆ. "ಕಾಲು ನೋಯ್ತಾವ" ಎಂದಳು.

ಈಗ ನಿಮ್ಮ ಬಟ್ಟೆ ಫೋನಿನಿಂದ ಬರುತ್ತದೆ. ಸಣ್ಣದಾದರೆ ವಾಪಸು ಕಳಿಸುತ್ತೀರಿ, ದೊಡ್ಡದು ಬರುತ್ತದೆ. ತಂದುಕೊಡುವ ಹುಡುಗ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿ ಕುಡಿದು ಹೋಗುತ್ತಾನೆ. ನಿಮ್ಮಲ್ಲಿ ಯಾರ ಅಂಗಿಯೂ ಒಂದು ವರ್ಷ ಹಿಂದಿಲ್ಲ. ನೀವು ಮಕ್ಕಳು ಅಂಗಳದಲ್ಲಿ ಕೈ ಮೇಲೆತ್ತಿ ಚೆಂಡು ಹಿಡಿಯುವುದನ್ನು ನಾನು ಸುಮ್ಮನೆ ಕೂತು ನೋಡುತ್ತಿರುತ್ತೇನೆ. ಅಜ್ಜ ಏನು ನೋಡುತ್ತಾನೆಂದು ನೀವು ಕೇಳಿದ್ದಿರಿ. ಇದನ್ನೇ.

ಆದರೆ ನನ್ನ ಮೊಮ್ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು ಸಿದ್ದಾಪುರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮಧ್ಯಾಹ್ನ ಅಲ್ಲಿಯವರೆಲ್ಲ ಒಂದೇ ಮೇಜಿಗೆ ಕೂತು ಡಬ್ಬಿ ಬಿಚ್ಚುತ್ತಾರಂತೆ. ಒಬ್ಬರ ಪಲ್ಯ ಇನ್ನೊಬ್ಬರ ತಟ್ಟೆಗೆ ಹೋಗುತ್ತದಂತೆ. ಅವಳಿಗೂ ಪ್ರೀತಿಯಿಂದ ಬಡಿಸುತ್ತಾರಂತೆ. ಅವಳು ತನ್ನ ಡಬ್ಬಿ ಮುಂದೆ ಸರಿಸಿದರೆ, ಒಬ್ಬರಿಗೆ ಹೊಟ್ಟೆ ತುಂಬಿರುತ್ತದೆ, ಇನ್ನೊಬ್ಬರಿಗೆ ಅವತ್ತು ಖಾರ ಆಗುವುದಿಲ್ಲ, ಮತ್ತೊಬ್ಬರದು ಉಪವಾಸ. ಯಾರೂ ಕೆಟ್ಟ ಮಾತು ಆಡಿಲ್ಲ. ಆಗ ಬೀದಿಗೆಲ್ಲ ಕೇಳುವಂತೆ ಕೂಗಿಸುತ್ತಿದ್ದರು. ಈಗ ಯಾರೂ ಬಾಯಿ ತೆರೆಯುವುದಿಲ್ಲ. ಅವತ್ತು ಅಕ್ಕ ಸಿಸ್ಟರಿಗೆ ಹೇಳಿದಂತೆ ಇದರ ಕಾರಣ ಹೇಳಬೇಕೆಂದರೆ ಮೊಮ್ಮಗಳು ಯಾರಿಗೆ ಹೇಳಬೇಕು, ಏನೆಂದು ಹೇಳಬೇಕು, ನನಗೂ ಗೊತ್ತಾಗುತ್ತಿಲ್ಲ.

ಮೊದಲ ದಿನಗಳಲ್ಲಿ ಅವಳು ಇದನ್ನು ನಗುತ್ತಲೇ ಹೇಳಿದಳು. "ಎಲ್ಲಾ ನನಗೇ ಉಳೀತದೆ ಅಜ್ಜ" ಎಂದಳು. ಈಗ ಹೇಳುವುದೇ ಇಲ್ಲ. ಸಂಜೆ ಬಂದವಳು ನೇರ ಹಿತ್ತಿಲಿಗೆ ಹೋಗಿ, ಡಬ್ಬಿಯಲ್ಲಿ ಉಳಿದದ್ದನ್ನು ನಾಯಿಗೆ ಹಾಕಿ, ಡಬ್ಬಿ ತೊಳೆದಿಟ್ಟು ಒಳಗೆ ಬರುತ್ತಾಳೆ. ಒಬ್ಬಳಿಗಾಗುವಷ್ಟೇ ಒಯ್ಯಿ ಎಂದು ಅವಳ ಅಮ್ಮ ಹೇಳಿ ಸಾಕಾಯಿತು. ಇವತ್ತು ಬೆಳಿಗ್ಗೆಯೂ ಅವಳು ಆ ದೊಡ್ಡ ಡಬ್ಬಿಯನ್ನೇ ತೆಗೆದಳು. ಎಲ್ಲರಿಗೂ ಆಗುವಷ್ಟು ತುಂಬಿಕೊಂಡು ಹೋದಳು.